ನದಿ ದಡದಲ್ಲಿ ಟೆಂಟ್, ಪಕ್ಕದಲ್ಲಿ ಬಿಸಿನೀರ ಬುಗ್ಗೆ: ಬಿಗ್ ಬೆಂಡ್ ಕ್ಯಾಂಪಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಕಳೆದ ಚಳಿಗಾಲದಲ್ಲಿ ನಮ್ಮ ಪರಿಚಯದ ಮೂರು ಮನೆಯವರು ಅಮೆರಿಕದ ಟೆಕ್ಸಸ್‌ನಲ್ಲಿರುವ ಬಿಗ್ ಬೆಂಡ್ ಪಾರ್ಕ್‌ಗೆ ಹೋಗಿ ಬಂದರು. ಮೂರೂ ಮನೆಯವರು ಬಿಸಿನೀರ ಬುಗ್ಗೆಯಲ್ಲಿ ಕೂರಬೇಕು ಅಂತಲೇ ಹೋಗಿದ್ದು. ಒಬ್ಬರೂ ಕೂರಲಿಲ್ಲ. ಒಬ್ಬರು ಬುಕಿಂಗ್ ಇಲ್ಲದೆ ಹೋಗಿ, ರಾತ್ರಿ ಪಾರ್ಕಿನಿಂದ ಹೊರಗೆ ಬಂದು ಎಲ್ಲೋ ದೂರದ ಮೋಟೆಲ್‌ನಲ್ಲಿ ಮಲಗಿದರು. ಇನ್ನೊಬ್ಬರು ಬುಕ್ ಮಾಡಿದ್ದರು, ಆದರೆ ಬೇರೆ ಕ್ಯಾಂಪ್‌ಗ್ರೌಂಡ್. ಅದೂ ನದಿ ಪಕ್ಕದ್ದೇ, ಬುಗ್ಗೆಯಿಂದ ಮಾತ್ರ ಐವತ್ತು ಮೈಲಿ ಆಚೆ. ಮೂರನೆಯವರದು ಎಲ್ಲಾ ಸರಿಯಿತ್ತು, ಬುಗ್ಗೆಯವರೆಗೆ ನಡೆದೂ ಹೋದರು, ನೋಡಿದರೆ ನದಿ ಏರಿ ತೊಟ್ಟಿ ಪೂರ್ತಿ ಕೆಂಪು ನೀರಿನಡಿ ಮುಳುಗಿತ್ತು!

ನಾನೂ ಮೊದಲ ಸಲ ಇದರಲ್ಲಿ ಅರ್ಧ ತಪ್ಪು ಮಾಡಿದವನೇ. ಅದಕ್ಕೇ ಇಲ್ಲಿ ಜಾಗದ ವರ್ಣನೆ ಬಿಟ್ಟು ಬರೀ ಕೆಲಸದ ಮಾತು ಬರೆಯುತ್ತಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತಾರೆ, ಇಷ್ಟೇ. ಕ್ಯಾಂಪ್‌ಗ್ರೌಂಡ್ ಹೆಸರು ರಿಯೋ ಗ್ರಾಂಡ್ ವಿಲೇಜ್. ಟೆಕ್ಸಸ್‌ನ ನೈರುತ್ಯ ಗಡಿಯ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ನ ಪೂರ್ವ ಬದಿ, ರಿಯೋ ಗ್ರಾಂಡ್ ನದಿಯ ದಡ. ಆಚೆ ದಡ ಮೆಕ್ಸಿಕೊ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರು ಮೂರು ದಿನ ರಜೆ ಸಿಕ್ಕರೆ ಹೋಗುವ ಜಾಗ. ನಾಲ್ಕು ದಿನ ಇಟ್ಟುಕೊಂಡರೆ ಒಳ್ಳೆಯದು, ಯಾಕೆಂದರೆ ಎರಡು ದಿನ ಬರೀ ಕಾರಿನಲ್ಲೇ ಹೋಗುತ್ತದೆ.

## ಹಂತ 1: ತಿಂಗಳು ಆರಿಸಿ, ಆಮೇಲೆ ದಿನ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಬೇಸಿಗೆಯಲ್ಲಿ ಬೇಡವೇ ಬೇಡ. ನದಿ ಪಕ್ಕದ ಈ ಜಾಗ ಸಮುದ್ರಮಟ್ಟದಿಂದ ಸುಮಾರು 1,850 ಅಡಿ ಎತ್ತರದಲ್ಲಿದೆ, ಪಾರ್ಕಿನ ತಗ್ಗು ಜಾಗಗಳಲ್ಲಿ ಒಂದು. ಮೇ, ಜೂನ್‌ನಲ್ಲಿ ಇಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ಅಂಥ ಬಿಸಿಲಲ್ಲಿ 105 ಡಿಗ್ರಿ ನೀರಿಗೆ ಇಳಿಯುವುದು ಯಾರ ಸುಖಕ್ಕೆ ಹೇಳಿ?

ಜುಲೈನಿಂದ ಸೆಪ್ಟೆಂಬರ್ ಗುಡುಗು ಮಳೆಯ ಕಾಲ. ಆಗ ಒಣ ಹಳ್ಳಗಳು ಹತ್ತೇ ನಿಮಿಷದಲ್ಲಿ ತುಂಬಿ ಹರಿಯಬಹುದು. ನದಿಯೂ ಏರುತ್ತದೆ, ಬುಗ್ಗೆ ಮುಳುಗುತ್ತದೆ.

ಒಂದು ಸಾಮಾನ್ಯ ತಪ್ಪು: ಫೋನಿನಲ್ಲಿ "ಬಿಗ್ ಬೆಂಡ್" ಅಂತ ಹಾಕಿ ಹವಾಮಾನ ನೋಡುವುದು. ಪಾರ್ಕಿನ ನಡುವೆ ಇರುವ ಚಿಸೋಸ್ ಬೇಸಿನ್ 5,400 ಅಡಿ ಎತ್ತರದಲ್ಲಿದೆ. ಅಲ್ಲಿಗೂ ನದಿ ದಡಕ್ಕೂ ಒಂದೇ ಹೊತ್ತಿನಲ್ಲಿ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಹಾಗಾಗಿ ರಿಯೋ ಗ್ರಾಂಡ್ ವಿಲೇಜ್ ಅಂತಲೇ ಹುಡುಕಿ.

ದಿನ ಆರಿಸುವಾಗ ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್‌ಮಸ್‌ನಿಂದ ಹೊಸವರ್ಷ, ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್, ಈ ಮೂರನ್ನು ತಪ್ಪಿಸಿ. ಮಕ್ಕಳ ರಜೆ ಆಗಲೇ ಅಲ್ವಾ ಅನ್ನುತ್ತೀರಿ, ಗೊತ್ತು. ಹಾಗಿದ್ದರೆ ಮುಂದಿನ ಹಂತ ಎರಡು ಸಲ ಓದಿ.

## ಹಂತ 2: ಸೈಟ್ ಬುಕ್ ಮಾಡುವುದು

"ಹೋದ ಮೇಲೆ ನೋಡೋಣ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ರಿಯೋ ಗ್ರಾಂಡ್ ವಿಲೇಜ್‌ನ 100 ಸೈಟ್‌ಗಳಿಗೂ ಮುಂಗಡ ಬುಕಿಂಗ್ ಬೇಕು, ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲ. ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ. ಕೆಲವು ಸೈಟ್‌ಗಳು 6 ತಿಂಗಳು ಮೊದಲೇ ತೆರೆಯುತ್ತವೆ, ಇನ್ನು ಕೆಲವು 14 ದಿನ ಮೊದಲು. ಆರು ತಿಂಗಳ ಹಿಂದೆ ಮರೆತವರಿಗೆ ಈ 14 ದಿನದ್ದೇ ಗತಿ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, "ಫುಲ್ ಆಗಿದೆ" ಅಂತ ಬಿಟ್ಟುಬಿಡುತ್ತಾರೆ.

ಹೀಗೆ ಮಾಡಿ. ಮೊದಲೇ ಖಾತೆ ತೆರೆದು, ಕಾರ್ಡ್ ವಿವರ ಹಾಕಿ, ಲಾಗಿನ್ ಆಗಿರಿ. ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಪುಟದಲ್ಲೇ ಬರೆದಿರುತ್ತಾರೆ, ಅದು ಈಸ್ಟರ್ನ್ ಟೈಮ್ ಆಗಿದ್ದರೆ ಟೆಕ್ಸಸ್‌ನವರಿಗೆ ಒಂದು ಗಂಟೆ ಮೊದಲು. ನನಗೆ ಒಮ್ಮೆ ಒಳ್ಳೆಯ ಸೈಟ್ ತಪ್ಪಿದ್ದು ಇದರಿಂದಲೇ, ಕಾಫಿ ಹಿಡಿದು ಆರಾಮಾಗಿ ಕೂರುವಷ್ಟರಲ್ಲಿ ಎಲ್ಲಾ ಹೋಗಿತ್ತು. ಸಿಗದಿದ್ದರೆ ದಿನಾ ಎರಡು ಸಲ ನೋಡುತ್ತಿರಿ. ಕ್ಯಾನ್ಸಲ್ ಮಾಡುವವರು ಬೇಕಾದಷ್ಟು ಜನ ಇರುತ್ತಾರೆ.

ಈಗ ಹೆಸರಿನ ಗೊಂದಲ. ಗೊಂದಲ ಆಗುವಂಥವು ಮೂರು ಇವೆ, ಸರಿಯಾಗಿ ನೋಡಿ.

1. ರಿಯೋ ಗ್ರಾಂಡ್ ವಿಲೇಜ್ ಕ್ಯಾಂಪ್‌ಗ್ರೌಂಡ್: ನಮಗೆ ಬೇಕಾದ್ದು. ಮರದ ನೆರಳು, ಕುಡಿಯುವ ನೀರು, ಫ್ಲಶ್ ಟಾಯ್ಲೆಟ್ ಇವೆ. ಸೈಟ್‌ಗೆ ಕರೆಂಟ್ ಇಲ್ಲ.
2. ಅದೇ ಹೆಸರಿನ ಆರ್‌ವಿ ಕ್ಯಾಂಪ್‌ಗ್ರೌಂಡ್: ಅಂಗಡಿ ಪಕ್ಕದಲ್ಲಿದೆ, ಕರೆಂಟ್ ಮತ್ತು ನೀರಿನ ಸಂಪರ್ಕ ಬೇಕಾದ ಆರ್‌ವಿಗಳಿಗೆ, ಅಂದರೆ ಒಳಗೇ ಮಲಗುವ ದೊಡ್ಡ ಗಾಡಿಗಳಿಗೆ. ಟೆಂಟ್‌ನವರಿಗಲ್ಲ.
3. ಕಾಟನ್‌ವುಡ್ ಕ್ಯಾಂಪ್‌ಗ್ರೌಂಡ್: ಪಾರ್ಕಿನ ಪಶ್ಚಿಮ ತುದಿಯಲ್ಲಿ. ನಮ್ಮ ಪರಿಚಯದವರು ಸಿಕ್ಕಿಬಿದ್ದದ್ದು ಇದರಲ್ಲೇ.

ಒಂದು ಸೈಟ್‌ಗೆ ಎಂಟು ಜನ ಮಿತಿ. ನಾಲ್ಕು ಸಂಸಾರ ಸೇರಿ ಒಂದೇ ಸೈಟ್‌ನಲ್ಲಿ ಗುಂಪು ಹಾಕೋಣ ಅಂದರೆ ಆಗುವುದಿಲ್ಲ, ಅಕ್ಕಪಕ್ಕದ ಎರಡು ಸೈಟ್ ತೆಗೆದುಕೊಳ್ಳಿ. ಕ್ಯಾಂಪಿಂಗ್ ದುಡ್ಡು ಬೇರೆ, ಪಾರ್ಕಿನ ಪ್ರವೇಶ ಶುಲ್ಕ ಬೇರೆ. ಒಂದು ಕಾರಿಗೆ 7 ದಿನಕ್ಕೆ 30 ಡಾಲರ್. ಜನರೇಟರ್ ಗಲಾಟೆ ಬೇಡ ಅಂದರೆ, ಜನರೇಟರ್ ನಿಷೇಧವಿರುವ ಭಾಗದಲ್ಲಿ ಸೈಟ್ ಆರಿಸಿ.

## ಹಂತ 3: ಪಾಸ್‌ಪೋರ್ಟ್ ಕೈಯಲ್ಲಿ

ಇದನ್ನು ಇಂಗ್ಲಿಷ್ ಗೈಡ್‌ಗಳಲ್ಲಿ ಯಾರೂ ಬರೆಯುವುದಿಲ್ಲ, ಯಾಕೆಂದರೆ ಬರೆಯುವವರಿಗೆ ಇದರ ಬಿಸಿ ತಟ್ಟಿರುವುದಿಲ್ಲ. ಪಾರ್ಕಿನಿಂದ ಉತ್ತರಕ್ಕೆ ವಾಪಸ್ ಬರುವ ದಾರಿಗಳಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲಿನವರು) ಚೆಕ್‌ಪಾಯಿಂಟ್ ಇದೆ. ಮ್ಯಾರಥಾನ್ ಊರಿಗೆ ಹೋಗುವ 385ನೇ ಹೆದ್ದಾರಿಯಲ್ಲೂ ಇದೆ, ಆಲ್ಪೈನ್ ಊರಿನ ಕಡೆಯ 118ರಲ್ಲೂ ಇದೆ. ನೀವು ಮೆಕ್ಸಿಕೊಗೆ ಕಾಲಿಡದಿದ್ದರೂ ನಿಲ್ಲಿಸಿ, ಯಾವ ದೇಶದವರು ಅಂತ ಕೇಳುತ್ತಾರೆ.

ಎಚ್-1ಬಿ, ಎಚ್-4, ಎಫ್-1, ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ, ಎಲ್ಲರ ಪಾಸ್‌ಪೋರ್ಟ್ ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟ್ ಜೊತೆಗಿರಲಿ. ಗ್ರೀನ್ ಕಾರ್ಡ್ ಇದ್ದವರು ಕಾರ್ಡ್ ಇಟ್ಟುಕೊಳ್ಳಿ. ಎಚ್-1ಬಿಯವರು ಐ-797 (ವೀಸಾ ಮಂಜೂರಾತಿ ಪತ್ರ) ಪ್ರತಿಯನ್ನೂ, ವಿದ್ಯಾರ್ಥಿಗಳು ಕಾಲೇಜು ಕೊಟ್ಟ ಐ-20ಯನ್ನೂ ಸೇರಿಸಿ. ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ, ಅಸಲಿ ಒಯ್ಯಿರಿ. ನಮ್ಮ ಜೊತೆ ಬಂದ ಒಬ್ಬರು ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಚೆಕ್‌ಪಾಯಿಂಟ್‌ನಲ್ಲಿ ಕಾರು ಪಕ್ಕಕ್ಕೆ ಹಾಕಿಸಿ, ಹೆಸರು ಹುಟ್ಟಿದ ದಿನ ಎಲ್ಲಾ ಬರೆದುಕೊಂಡು, ಮುಕ್ಕಾಲು ಗಂಟೆ ಕೂರಿಸಿದರು. ಬೈಯಲಿಲ್ಲ, ಗದರಲಿಲ್ಲ, ಆದರೂ ಹಿಂದಿನ ಸೀಟಿನಲ್ಲಿದ್ದ ಅವರ ಅತ್ತೆ ಆ ಮುಕ್ಕಾಲು ಗಂಟೆ ಒಂದೂ ಮಾತಾಡಲಿಲ್ಲ.

ಎಲ್ಲಾ ಕಾಗದ ಒಂದು ಜಿಪ್ ಕವರ್‌ನಲ್ಲಿ ಹಾಕಿ ಕಾರಿನ ಗ್ಲವ್ ಬಾಕ್ಸ್‌ನಲ್ಲಿಡಿ. ಟೆಂಟ್‌ನಲ್ಲಿ ಬೇಡ, ಬುಗ್ಗೆ ಹತ್ತಿರಕ್ಕಂತೂ ಬೇಡ.

## ಹಂತ 4: ಸಾಮಾನು

ಕ್ಯಾಂಪಿಂಗ್ ಪಟ್ಟಿ ಎಲ್ಲೆಡೆ ಸಿಗುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಜಾಗಕ್ಕೇ ಬೇಕಾದ, ಜನ ಮರೆಯುವ ವಸ್ತುಗಳು ಇವು:

- ಗಟ್ಟಿ ಕಬ್ಬಿಣದ ಗೂಟಗಳು ಮತ್ತು ಸುತ್ತಿಗೆ. ಟೆಂಟ್ ಜೊತೆ ಬರುವ ತೆಳು ಗೂಟ ಈ ನೆಲಕ್ಕೆ ಬಗ್ಗಿಹೋಗುತ್ತದೆ.
- ನೀರು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕ. ಕ್ಯಾಂಪ್‌ನಲ್ಲಿ ನಲ್ಲಿ ಇದೆ, ಆದರೆ ದಾರಿಯಲ್ಲಿ ಮತ್ತು ಬುಗ್ಗೆ ಹತ್ತಿರ ಇಲ್ಲ.
- ಗ್ಯಾಸ್ ಸ್ಟೋವ್. ಕಟ್ಟಿಗೆ ತರಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.
- ನೀರಿನಲ್ಲಿ ಹಾಕುವ, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಕಿತ್ತುಬರುತ್ತದೆ.
- ತಲೆಗೆ ಕಟ್ಟುವ ಟಾರ್ಚ್, ಕೆಂಪು ಬೆಳಕು ಇರುವಂಥದ್ದು. ಬಿಗ್ ಬೆಂಡ್ 2012ರಲ್ಲೇ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಆಗಿದೆ, ಬಿಳಿ ಲೈಟ್ ಝಗಝಗ ಬಿಟ್ಟರೆ ಪಕ್ಕದವರು ಬಂದು ಹೇಳಿಯೇ ಹೇಳುತ್ತಾರೆ.
- ಕ್ವಾರ್ಟರ್ (25 ಸೆಂಟ್) ಚಿಲ್ಲರೆ. ಅಂಗಡಿ ಪಕ್ಕದ ಸ್ನಾನದ ಮನೆ ಕಾಸು ಹಾಕಿದರೆ ಮಾತ್ರ ನೀರು ಬಿಡುತ್ತದೆ.
- ಸ್ವೆಟರ್, ಉಣ್ಣೆ ಟೋಪಿ. ಮರುಭೂಮಿ ಇದು. ಮಧ್ಯಾಹ್ನ ಟಿ-ಶರ್ಟ್, ರಾತ್ರಿ ಎರಡು ಕಂಬಳಿ.

ಮ್ಯಾಪನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ಬುಕಿಂಗ್ ಪ್ರಿಂಟ್ ತೆಗೆದುಕೊಳ್ಳಿ. ಪಾರ್ಕಿನ ಬಹುಪಾಲು ಕಡೆ ಸಿಗ್ನಲ್ ಇಲ್ಲ.

## ಹಂತ 5: ದಾರಿ

ಆಸ್ಟಿನ್‌ನಿಂದ ಹೊರಟರೆ ಐ-10 ಹೆದ್ದಾರಿ ಹಿಡಿದು ಫೋರ್ಟ್ ಸ್ಟಾಕ್ಟನ್, ಅಲ್ಲಿಂದ 385ರಲ್ಲಿ ಮ್ಯಾರಥಾನ್, ಅಲ್ಲಿಂದ ಪಾರ್ಕಿನ ಕೇಂದ್ರ ಪ್ಯಾಂಥರ್ ಜಂಕ್ಷನ್‌ಗೆ ಸುಮಾರು 70 ಮೈಲಿ. ಅಲ್ಲಿಂದ ಕ್ಯಾಂಪ್‌ಗೆ ಇನ್ನೂ 20 ಮೈಲಿ. ಊಟ, ಕಾಫಿ, ಮಕ್ಕಳ ಬಾತ್‌ರೂಮ್ ಎಲ್ಲಾ ಸೇರಿ ಒಂಬತ್ತು ಗಂಟೆ ಹಿಡಿಯಿರಿ.

ದಿನಸಿ, ಮೊಸರು, ತರಕಾರಿ ಎಲ್ಲಾ ಫೋರ್ಟ್ ಸ್ಟಾಕ್ಟನ್‌ನಲ್ಲೇ ಮುಗಿಸಿ. ಕ್ಯಾಂಪ್ ಪಕ್ಕದ ಅಂಗಡಿಯಲ್ಲಿ ಐಸ್, ಬ್ರೆಡ್, ಚಿಪ್ಸ್ ಥರದ್ದು ಸಿಗುತ್ತದೆ, ಅದನ್ನೇ ನಂಬಿಕೊಂಡು ಹೋದರೆ ಕಷ್ಟ. ಮ್ಯಾರಥಾನ್‌ನಲ್ಲಿ ಕಾರಿನ ಗ್ಯಾಸ್ (ಪೆಟ್ರೋಲ್) ಟ್ಯಾಂಕ್ ಫುಲ್ ಮಾಡಿ. ಪಾರ್ಕಿನ ಒಳಗೆ ಪ್ಯಾಂಥರ್ ಜಂಕ್ಷನ್‌ನಲ್ಲೂ ರಿಯೋ ಗ್ರಾಂಡ್ ವಿಲೇಜ್‌ನಲ್ಲೂ ಪಂಪ್ ಇದೆ, ಆದರೂ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಕತ್ತಲಾಗುವ ಮೊದಲು ಸೇರಿಕೊಳ್ಳಿ. ಪಾರ್ಕಿನ ಒಳಗೆ ವೇಗದ ಮಿತಿ ಗಂಟೆಗೆ 45 ಮೈಲಿ. ರಾತ್ರಿ ರಸ್ತೆಗೆ ಜಿಂಕೆ, ಮೊಲ ಅಡ್ಡ ಬರುತ್ತಲೇ ಇರುತ್ತವೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಕತ್ತಲು ಅನ್ನುವುದು ನೆನಪಿರಲಿ, ಅಂದರೆ ಆಸ್ಟಿನ್‌ನಿಂದ ಬೆಳಗ್ಗೆ ಆರಕ್ಕೇ ಹೊರಡಬೇಕು. ಆರು ಅಂದರೆ ಆರು, ನಮ್ಮ ಆರು ಅಲ್ಲ.

ದಾರಿಯಲ್ಲಿ ಪ್ಯಾಂಥರ್ ಜಂಕ್ಷನ್ ವಿಸಿಟರ್ ಸೆಂಟರ್ ತೆರೆದಿದ್ದರೆ ನಿಲ್ಲಿಸಿ, ರೇಂಜರ್‌ಗೆ ಎರಡೇ ಪ್ರಶ್ನೆ ಕೇಳಿ. ಬುಗ್ಗೆ ಇವತ್ತು ನದಿ ನೀರಿನ ಮೇಲಿದೆಯಾ? ಹಾಟ್ ಸ್ಪ್ರಿಂಗ್ಸ್ ರಸ್ತೆ ತೆರೆದಿದೆಯಾ? ಇದನ್ನು ಕೇಳದೆ ಹೋದವರೇ ಆ ಮೂರನೇ ಮನೆಯವರು.

## ಹಂತ 6: ಟೆಂಟ್ ಹಾಕುವುದು

ಬೆಳಕಿರುವಾಗಲೇ ಹಾಕಿ. ಮೊದಲು ತಲೆ ಎತ್ತಿ ನೋಡಿ. ಇಲ್ಲಿ ದೊಡ್ಡ ದೊಡ್ಡ ಕಾಟನ್‌ವುಡ್ ಮರಗಳಿವೆ, ಒಣ ಕೊಂಬೆಯ ಕೆಳಗೆ ಟೆಂಟ್ ಬೇಡ. ಆಮೇಲೆ ನೆಲ ನೋಡಿ, ತಗ್ಗಿನಲ್ಲಿ ಬೇಡ. ಬೆನ್ನು ಗಾಳಿಗೆ ಇರುವ ಹಾಗೆ, ಬಾಗಿಲು ಗಾಳಿ ಬರುವ ದಿಕ್ಕಿಗೆ ಬಾರದ ಹಾಗೆ ತಿರುಗಿಸಿ.

ಗಾಳಿ ಅಂದೆನಲ್ಲ, ಸುಮ್ನೆ ಅಲ್ಲ. ಚಳಿಗಾಲದಲ್ಲಿ ಉತ್ತರದಿಂದ ತಂಪುಗಾಳಿ ನುಗ್ಗಿದರೆ ಒಂದೇ ಗಂಟೆಯಲ್ಲಿ ಹವೆ ಬದಲಾಗಿಬಿಡುತ್ತದೆ. ಸಂಜೆ ಗಾಳಿಯೇ ಇಲ್ಲ ಅಂತ ಮೇಲ್ಹೊದಿಕೆಯ ಹಗ್ಗ ಕಟ್ಟದೆ ಮಲಗಿದವರು ರಾತ್ರಿ ಎರಡಕ್ಕೆ ಎದ್ದು ಟೆಂಟ್ ಹಿಡಿದುಕೊಂಡು ಕೂರಬೇಕಾಗುತ್ತದೆ. ಎಲ್ಲಾ ಹಗ್ಗ ಕಟ್ಟಿ, ಎಲ್ಲಾ ಗೂಟ ಹೊಡೆಯಿರಿ. ಹಗಲಲ್ಲಿ ಹೊರಗೆ ಹೋಗುವಾಗ ಒಳಗೆ ಭಾರದ ಬ್ಯಾಗ್ ಇಟ್ಟು ಹೋಗಿ.

ಟೆಂಟಿನ ಜಿಪ್ ಸದಾ ಪೂರ್ತಿ ಮುಚ್ಚಿರಲಿ. ಶೂ ಹೊರಗೆ ಬಿಟ್ಟಿದ್ದರೆ ಬೆಳಗ್ಗೆ ಕೊಡವಿ ಹಾಕಿಕೊಳ್ಳಿ, ಚೇಳು ಬೆಚ್ಚಗಿನ ಜಾಗ ಹುಡುಕುತ್ತಿರುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡುವ ಹಾಗಿಲ್ಲ. ಅಂತ್ಯಾಕ್ಷರಿ ಹತ್ತಕ್ಕೆ ಮುಗಿಸಿ.

## ಹಂತ 7: ಅಡುಗೆ, ಮತ್ತು ಉಳಿದದ್ದನ್ನು ಎತ್ತಿಡುವುದು

ಬೆಂಕಿ ವಿಷಯ ಮೊದಲು. ಇಡೀ ಪಾರ್ಕಿನಲ್ಲಿ ಕಟ್ಟಿಗೆಯ ಬೆಂಕಿ ನಿಷೇಧ. ಕ್ಯಾಂಪ್‌ಫೈರ್ ಇಲ್ಲ. ನೆಲದ ಮೇಲೆ ಹಚ್ಚುವ ಹಾಗಿಲ್ಲ, ಬಿದ್ದ ಕಟ್ಟಿಗೆ ಆರಿಸುವ ಹಾಗೂ ಇಲ್ಲ. ಗ್ಯಾಸ್ ಸ್ಟೋವ್ ಪರವಾಗಿಲ್ಲ, ಗ್ರಿಲ್‌ನಲ್ಲಿ ಇದ್ದಿಲು ಪರವಾಗಿಲ್ಲ, ತೀರಾ ಒಣಗಿದ ಕಾಲದಲ್ಲಿ ಇದ್ದಿಲೂ ಬಂದ್. ಅರ್ಧ ಡಿಕ್ಕಿ ತುಂಬ ಕಟ್ಟಿಗೆ ತುಂಬಿಕೊಂಡು ಬಂದು ಹಾಗೇ ವಾಪಸ್ ಒಯ್ದವರನ್ನು ಕಣ್ಣಾರೆ ನೋಡಿದ್ದೇನೆ.

ಮೊದಲ ರಾತ್ರಿಗೆ ಅಡುಗೆ ಇಟ್ಟುಕೊಳ್ಳಬೇಡಿ. ಒಂಬತ್ತು ಗಂಟೆ ಕಾರು ಓಡಿಸಿ, ಟೆಂಟ್ ಹಾಕಿ, ಆಮೇಲೆ ಕುಕ್ಕರ್ ಇಡುವ ಶಕ್ತಿ ಯಾರಿಗೂ ಇರುವುದಿಲ್ಲ. ಮನೆಯಿಂದಲೇ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಬೆಳಗ್ಗೆಗೆ ಗೊಜ್ಜವಲಕ್ಕಿ ಅಥವಾ ಹುರಿದು ತಂದ ರವೆಯಲ್ಲಿ ಉಪ್ಪಿಟ್ಟು. ಡಿಕಾಕ್ಷನ್ ಬಾಟಲಿಯಲ್ಲಿ ತುಂಬಿ ಕೂಲರ್‌ನಲ್ಲಿಟ್ಟರೆ ಎರಡು ದಿನ ಬರುತ್ತದೆ. ದೋಸೆ ಹಿಟ್ಟು ತರಬೇಡಿ. ತಂದಿದ್ದೆ, ಕಾರಿನಲ್ಲಿ ಉಕ್ಕಿ ಬಂತು.

ಈಗ ಮುಖ್ಯ ವಿಷಯ, ಹವಲೀನ. ನೋಡಲು ಕಾಡುಹಂದಿಯ ಹಾಗೆ, ಗಿಡ್ಡಗೆ, ಬೂದು ಬಣ್ಣ, ಕತ್ತಿನ ಸುತ್ತ ಬಿಳಿ ಪಟ್ಟಿ. ಕಣ್ಣು ಮಂದ, ಮೂಗು ಬಲು ಚುರುಕು. ಗುಂಪಾಗಿ ಓಡಾಡುತ್ತವೆ. ನಾವು ಮೊದಲ ಸಲ ಹೋದಾಗ ಕೂಲರ್ ಕಾರಿಗೆ ಹಾಕಿ, ಮುಚ್ಚಳ ಬಿಗಿ ಇದೆ ಅಂತ ಕೊಬ್ಬರಿ ಮಿಠಾಯಿ ಡಬ್ಬಿಯನ್ನು ಮಾತ್ರ ಟೆಂಟಿನ ಬಾಗಿಲ ಹತ್ತಿರ ಬಿಟ್ಟಿದ್ದೆವು. ರಾತ್ರಿ ಗೊರಗೊರ ಅಂತ ಸದ್ದು. ಆಮೇಲೆ ಚರ್ರ್ ಅಂತ ಬಟ್ಟೆ ಹರಿದ ಸದ್ದು. ಟಾರ್ಚ್ ಬಿಟ್ಟರೆ ಟೆಂಟಿನ ಮೂಲೆಯಲ್ಲಿ ಒಂದು ಒದ್ದೆ ಮೂಗು! ಬೆಳಗ್ಗೆ ಡಬ್ಬಿ ಇಪ್ಪತ್ತು ಅಡಿ ಆಚೆ ಸಿಕ್ಕಿತು, ಹಲ್ಲಿನ ಗುರುತಿನ ಜೊತೆ, ತೊಳೆದಷ್ಟು ಸ್ವಚ್ಛವಾಗಿ.

ಹಾಗಾಗಿ ನಿಯಮ ಹೀಗೆ:

1. ಪ್ರತಿ ಸೈಟ್‌ನಲ್ಲಿ ಕಬ್ಬಿಣದ ಪೆಟ್ಟಿಗೆ ಇದೆ. ತಿನ್ನುವುದೆಲ್ಲಾ ಅದರಲ್ಲಿ, ಇಲ್ಲವೇ ಕಿಟಕಿ ಮುಚ್ಚಿದ ಕಾರಿನಲ್ಲಿ.
2. ವಾಸನೆ ಇರುವುದೆಲ್ಲಾ ತಿಂಡಿ ಅಂತಲೇ ಲೆಕ್ಕ. ಟೂತ್‌ಪೇಸ್ಟ್, ಸೋಪು, ತೆಂಗಿನೆಣ್ಣೆ, ಮಗುವಿನ ಬಿಸ್ಕತ್ತು, ಅಗರಬತ್ತಿ.
3. ಅಡುಗೆ ಮಾಡುತ್ತಾ ಟೇಬಲ್ ಬಿಟ್ಟು ಹೋಗಬೇಡಿ, ಐದು ನಿಮಿಷಕ್ಕೂ.
4. ಪಾತ್ರೆ ತೊಳೆದ ನೀರು ಪೊದೆಗೆ ಚೆಲ್ಲಬೇಡಿ. ಅನ್ನದ ಅಗುಳು, ಕರಿಬೇವು ಸೋಸಿ ಕಸಕ್ಕೆ ಹಾಕಿ.

ಹವಲೀನ ಬಂದರೆ ಓಡಿಸಲು ಹತ್ತಿರ ಹೋಗಬೇಡಿ, ಮರಿ ಜೊತೆ ಇದ್ದರೆ ಮೇಲೆ ಬೀಳಬಹುದು. ದೂರದಿಂದ ತಟ್ಟೆ ಬಡಿದರೆ ಸಾಕು.

## ಹಂತ 8: ಬುಗ್ಗೆಗೆ ಹೋಗುವುದು

ಎರಡು ದಾರಿ ಇವೆ. ಒಂದು ಕಾರಿನದು. ಕ್ಯಾಂಪ್‌ನಿಂದ ಪ್ಯಾಂಥರ್ ಜಂಕ್ಷನ್ ಕಡೆ ವಾಪಸ್ ಕೆಲವು ಮೈಲಿ ಹೋದರೆ ಎಡಕ್ಕೆ ಹಾಟ್ ಸ್ಪ್ರಿಂಗ್ಸ್ ಬೋರ್ಡ್ ಸಿಗುತ್ತದೆ. ಅಲ್ಲಿಂದ 2 ಮೈಲಿ ಮಣ್ಣಿನ ರಸ್ತೆ. ಕಡೆಯ ಭಾಗ ಗುಡ್ಡಕ್ಕೆ ಅಂಟಿಕೊಂಡು ಇಳಿಯುತ್ತದೆ, ಬಹಳ ಇಕ್ಕಟ್ಟು. ಆರ್‌ವಿ, ಟ್ರೈಲರ್‌ಗೆ ಪ್ರವೇಶ ಇಲ್ಲ. ಸಾದಾ ಕಾರು ನಿಧಾನಕ್ಕೆ ಹೋಗುತ್ತದೆ, ಮಳೆ ಬಂದು ಕೊರೆದಿದ್ದರೆ ಮಾತ್ರ ಯೋಚಿಸಿ. ಕಾರು ನಿಲ್ಲಿಸಿದ ಜಾಗದಿಂದ ಕಾಲು ಮೈಲಿ ನಡಿಗೆ. ಹಳೇ ಕಲ್ಲಿನ ಅಂಗಡಿಯ ಗೋಡೆ, ಒಂದೆರಡು ಈಚಲಂಥ ಮರ, ಬಂಡೆಯ ಮೇಲಿನ ಹಳೆಯ ಚಿತ್ರಗಳು, ಅಲ್ಲಿಗೆ ನದಿ, ಅಲ್ಲೇ ಬುಗ್ಗೆ.

ಇನ್ನೊಂದು ಕಾಲುದಾರಿ. ರಿಯೋ ಗ್ರಾಂಡ್ ವಿಲೇಜ್‌ನ ಪಶ್ಚಿಮ ತುದಿಯ ಡೇನಿಯಲ್ಸ್ ರಾಂಚ್‌ನಿಂದ ಹೊರಟು ನದಿಯ ಮೇಲಿನ ಗುಡ್ಡದ ಅಂಚಿನಲ್ಲಿ 3 ಮೈಲಿ. ಹೋಗಿ ಬಂದರೆ 6. ನೆರಳು ಇಲ್ಲವೇ ಇಲ್ಲ. ಬಿಸಿನೀರಿನಲ್ಲಿ ಮೈ ಸಡಿಲ ಮಾಡಿಕೊಂಡು ಬಿಸಿಲಲ್ಲಿ 3 ಮೈಲಿ ವಾಪಸ್ ನಡೆಯುವುದು ಕಾಗದದ ಮೇಲೆ ಚೆನ್ನ. ಅಪ್ಪ-ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಕಾರಿನ ದಾರಿಯೇ ಸರಿ.

ಯಾವ ಹೊತ್ತು? ಬೆಳಗಿನ ಜಾವ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಅಲ್ಲಿರಿ. ಮಧ್ಯಾಹ್ನ ಹೋದರೆ ತೊಟ್ಟಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬಿಸಿಲೂ ಜಾಸ್ತಿ. ಟಿಕೆಟ್ ಇಲ್ಲ, ಸರದಿ ಇಲ್ಲ. ಜನ ಕಾಯುತ್ತಿದ್ದರೆ ಅರ್ಧ ಗಂಟೆಗೆ ಎದ್ದು ಬಿಡುವುದು ಮರ್ಯಾದೆ.

ತೊಟ್ಟಿ ಅಂದರೆ ಸ್ವಿಮ್ಮಿಂಗ್ ಪೂಲ್ ಕಲ್ಪಿಸಿಕೊಳ್ಳಬೇಡಿ. ಹಿಂದೆ ಇದ್ದ ಸ್ನಾನದ ಮನೆಯ ತಳಪಾಯ ಅದು. ನಾಲ್ಕು ಕಡೆ ಗಿಡ್ಡ ಕಲ್ಲಿನ ಗೋಡೆ, ಕೂತರೆ ಸೊಂಟಕ್ಕೋ ಎದೆಗೋ ಬರುವಷ್ಟು ನೀರು. ಕೆಳಗೆ ನುಣ್ಣನೆಯ ಕೆಸರು. ಮೊದಲ ಸಲ ಇಳಿದಾಗ ಬೆರಳ ಸಂದಿಯಿಂದ ಆ ಕೆಸರು ಮೇಲೆ ಬರುತ್ತದೆ, ಮನಸ್ಸು ಹಿಂಜರಿಯುತ್ತದೆ. ಎರಡು ನಿಮಿಷ ತಡೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕೂತು ಒಂದು ಕೈ ಆಚೆ ಚಾಚಿದರೆ ಅಲ್ಲಿ ನದಿ, ಜನವರಿಯ ತಣ್ಣನೆ ನೀರು ಬೆರಳು ಕೊರೆಯುತ್ತದೆ. ಇನ್ನೊಂದು ಕೈ ಹಂಡೆ ನೀರಿನಷ್ಟು ಬೆಚ್ಚಗೆ. ಎದುರು ದಡದ ಜೊಂಡಿನಲ್ಲಿ ಯಾರದೋ ಕುದುರೆ ನಿಂತು ನೀರು ಕುಡಿಯುತ್ತಿತ್ತು, ಅದರ ಕತ್ತಿನ ಗಂಟೆ ಬೇರೆ ದೇಶದಿಂದ ಕೇಳಿಸುತ್ತಿತ್ತು.

ಇಳಿಯುವ ಕ್ರಮ:

1. ಬಟ್ಟೆ ಬದಲಿಸಲು ಕೋಣೆ ಇಲ್ಲ. ಈಜುಡುಗೆಯೋ ಹಳೇ ಟಿ-ಶರ್ಟ್, ಲೆಗಿಂಗ್ಸೋ ಕ್ಯಾಂಪ್‌ನಿಂದಲೇ ಒಳಗೆ ಹಾಕಿಕೊಂಡು ಬನ್ನಿ. ಮೇಲೆ ಸುತ್ತಿಕೊಳ್ಳಲು ಒಂದು ಪಂಚೆ ಇದ್ದರೆ ಅದರಷ್ಟು ಅನುಕೂಲ ಬೇರೆ ಇಲ್ಲ.
2. ಗೋಡೆ ಮೇಲೆ ನಡೆಯಬೇಡಿ, ಪಾಚಿ ಇರುತ್ತದೆ. ಕೂತು, ಕಾಲು ಇಳಿಬಿಟ್ಟು, ಆಮೇಲೆ ಇಳಿಯಿರಿ.
3. ನೀರು ಸುಮಾರು 105 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 40.5 ಸೆಲ್ಸಿಯಸ್. ಹದಿನೈದು ನಿಮಿಷ ಕೂತು ಹೊರಗೆ ಬನ್ನಿ, ನೀರು ಕುಡಿದು, ಬೇಕಾದರೆ ಮತ್ತೆ ಇಳಿಯಿರಿ.
4. ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಹೋಗಲು ಬಿಡಬೇಡಿ. ಮೆದುಳಿಗೆ ಹತ್ತುವ ನೇಗ್ಲೇರಿಯಾ ಅಮೀಬಾ ಬೆಚ್ಚನೆಯ ಸಿಹಿನೀರಿನಲ್ಲಿ ಇರಬಹುದು, ಮೂಗಿನ ಮೂಲಕವೇ ಒಳಗೆ ಹೋಗುತ್ತದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಮಕ್ಕಳಿಗೆ ಇದನ್ನು ನೀರಿಗಿಳಿಯುವ ಮೊದಲೇ ಹೇಳಿ.
5. ನೀರನ್ನು ಬಾಯಿಗೆ ಹಾಕಬೇಡಿ. ತೀರ್ಥ ಅಂತಲೂ ಬೇಡ. ಪುತ್ತೂರು ಕಡೆಯ ಬೆಂದ್ರ್ ತೀರ್ಥ ನೋಡಿದವರಿಗೆ ಕೈ ಮುಗಿದು ಒಂದು ಬೊಗಸೆ ಕುಡಿಯುವ ಆಸೆ ಬರುತ್ತದೆ, ಕೈ ಮುಗಿಯುವುದಷ್ಟೇ ಸಾಕು.
6. ಎಣ್ಣೆ, ಸೀಗೆಪುಡಿ, ಸೋಪು ಬೇಡ. ನಗಬೇಡಿ, ದೀಪಾವಳಿ ಎಣ್ಣೆ ಸ್ನಾನ ಅಲ್ಲೇ ಮಾಡೋಣ ಅಂತ ನಮ್ಮ ಗುಂಪಿನಲ್ಲೇ ಮಾತು ಬಂದಿತ್ತು. ಗಾಜಿನ ಬಾಟಲಿಯೂ ಬೇಡ, ಒಡೆದ ಚೂರು ಆ ಕೆಸರಿನಲ್ಲಿ ಕಾಣುವುದಿಲ್ಲ.

ಬಸುರಿಯರು ಇಳಿಯಬೇಡಿ. ಹೃದಯದ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಇಳಿಯಬೇಡಿ, ಕಾಲು ಮಾತ್ರ ಇಳಿಬಿಟ್ಟು ಕೂತರೂ ಸುಖವೇ. ಪುಟ್ಟ ಮಕ್ಕಳ ಮೈ ಬೇಗ ಕಾಯುತ್ತದೆ, ಅವರಿಗೆ ಕೆಲವೇ ನಿಮಿಷ.

ತಕ್ಷಣ ಹೊರಗೆ ಬರಬೇಕಾದ ಸೂಚನೆಗಳು: ತಲೆ ಸುತ್ತುವುದು, ವಾಕರಿಕೆ, ಎದೆ ಡವಡವ ಜಾಸ್ತಿ ಆಗುವುದು. ಏಳುವಾಗ ಒಮ್ಮೆಲೇ ಏಳಬೇಡಿ. ಇದು ಮೈಯ ಸೂಚನೆ. ನದಿಯ ಸೂಚನೆ ಬೇರೆ: ನೀರಿನ ಬಣ್ಣ ಒಮ್ಮೆಲೇ ಕೆಂಪಾಗುವುದು, ಕಡ್ಡಿ ಕಸ ತೇಲಿ ಬರುವುದು, ಗೋಡೆ ದಾಟಿ ತಣ್ಣೀರು ತೊಟ್ಟಿಗೆ ನುಗ್ಗುವುದು. ಆಗ ಟವೆಲ್ ಹುಡುಕುತ್ತಾ ನಿಲ್ಲಬೇಡಿ, ಮೇಲೆ ಹತ್ತಿ.

"ಇಲ್ಲಿ ಮಳೆಯೇ ಇಲ್ಲ, ನದಿ ಹೇಗೆ ಏರುತ್ತೆ" ಅಂತ ಕೇಳುತ್ತಾರೆ. ಬಿಗ್ ಬೆಂಡ್‌ನಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನ ಪಾಲು ಮೆಕ್ಸಿಕೊದ ಕೊಂಚೋಸ್ ನದಿಯದು, ಅದು ಪ್ರೆಸಿಡಿಯೋ ಊರಿನ ಹತ್ತಿರ ಬಂದು ಸೇರುತ್ತದೆ. ಅಲ್ಲಿ ಮಳೆಯಾದರೂ ಸಾಕು, ಅಣೆಕಟ್ಟಿನಿಂದ ನೀರು ಬಿಟ್ಟರೂ ಸಾಕು, ನಿಮ್ಮ ತಲೆಯ ಮೇಲೆ ನೀಲಿ ಆಕಾಶ ಇರುವಾಗಲೇ ಇಲ್ಲಿ ನದಿ ಏರುತ್ತದೆ. ನಮ್ಮೂರಲ್ಲಿ ಮಳೆ ಇಲ್ಲದೆಯೂ ಡ್ಯಾಮ್ ಗೇಟ್ ತೆಗೆದರೆ ಹೊಳೆ ತುಂಬುವುದಿಲ್ಲವೇ, ಹಾಗೆ. ಅದಕ್ಕೇ ರೇಂಜರ್‌ಗೆ ಕೇಳಿ ಅಂದದ್ದು. ಎರಡು ರಾತ್ರಿ ಇದ್ದರೆ ಮೊದಲ ಬೆಳಗ್ಗೆಯೇ ಬುಗ್ಗೆಗೆ ಹೋಗಿ, ಮುಳುಗಿದ್ದರೆ ಎರಡನೇ ಬೆಳಗ್ಗೆ ಇನ್ನೊಂದು ಅವಕಾಶ ಇರುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡವರೇ ಬರಿಗೈಲಿ ಬರುವುದು.

## ಹಂತ 9: ನದಿ ಮತ್ತು ಗಡಿ

ಹೊಳೆ ಕಂಡರೆ ಈಜುವ ಆಸೆ ಬರುತ್ತದೆ. ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇದೆ, ನೀರೂ ಶುದ್ಧವಲ್ಲ.

ನದಿಯ ನಡುಗೆರೆಯೇ ಗಡಿ. ಮೊಣಕಾಲುದ್ದ ನೀರು ಅಷ್ಟೇ ಅಲ್ವಾ, ಆಚೆ ಹೋಗಿ ಒಂದು ಫೋಟೋ ತೆಗೆಸಿಕೊಂಡು ಬರೋಣ ಅನ್ನಬೇಡಿ. ಅದು ಅಕ್ರಮ ಗಡಿ ದಾಟಿದ ಹಾಗೆ. ವೀಸಾದಲ್ಲಿರುವವರಿಗೆ ಈ ಆಟ ಬಹಳ ದುಬಾರಿ. ಹಾಗೇ, ಕಾಲುದಾರಿಯ ಕಲ್ಲುಗಳ ಮೇಲೆ ತಂತಿಯಲ್ಲಿ ಮಾಡಿದ ಚೇಳು, ಬಣ್ಣದ ಕೋಲು ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಮುದ್ದಾಗಿರುತ್ತವೆ, ಆದರೆ ಅಲ್ಲಿ ಕೊಳ್ಳುವುದು ಕಾನೂನಿಗೆ ವಿರುದ್ಧ, ಸಿಕ್ಕರೆ ಕಿತ್ತುಕೊಳ್ಳುತ್ತಾರೆ.

ಸರಿಯಾದ ದಾರಿಯಲ್ಲಿ ಆಚೆ ಹೋಗಲು ಬೋಕಿಯಾಸ್ ಕ್ರಾಸಿಂಗ್ ಹತ್ತಿರದಲ್ಲೇ ಇದೆ, ಪುಟ್ಟ ದೋಣಿಯಲ್ಲಿ ದಾಟಿಸುತ್ತಾರೆ. ವಾರದ ಎಲ್ಲಾ ದಿನ ತೆರೆದಿರುವುದಿಲ್ಲ. ಭಾರತದ ಪಾಸ್‌ಪೋರ್ಟ್‌ನವರು ಹೋಗುವ ಮುನ್ನ ವೀಸಾ ಸ್ಟಾಂಪ್ ಊರ್ಜಿತದಲ್ಲಿದೆಯೇ, ಮೆಕ್ಸಿಕೊ ಒಳಗೆ ಬಿಡುತ್ತದೆಯೇ, ವಾಪಸ್ ಬರಲು ಏನು ಬೇಕು ಅಂತ ಊರಲ್ಲಿರುವಾಗಲೇ ವಕೀಲರನ್ನು ಕೇಳಿ. ದೋಣಿ ಹತ್ತಿರ ನಿಂತು ತೀರ್ಮಾನ ಮಾಡುವ ವಿಷಯ ಅಲ್ಲ ಅದು.

ಸಂಜೆಗೆ ಒಂದು ಸುಲಭದ ಕೆಲಸ ಇದೆ. 18ನೇ ಸೈಟ್ ಹತ್ತಿರ ನೇಚರ್ ಟ್ರೇಲ್ ಶುರುವಾಗುತ್ತದೆ, ಮುಕ್ಕಾಲು ಮೈಲಿ. ಸಣ್ಣ ದಿಬ್ಬ ಹತ್ತಿದರೆ ಮೆಕ್ಸಿಕೊದ ಡೆಲ್ ಕಾರ್ಮೆನ್ ಬೆಟ್ಟಸಾಲು ಸೂರ್ಯ ಮುಳುಗುವಾಗ ಕೇಸರಿಯಿಂದ ಗುಲಾಬಿಗೆ ತಿರುಗುತ್ತದೆ. ಟಾರ್ಚ್ ಒಯ್ಯಿರಿ, ಇಳಿಯುವಾಗ ಕತ್ತಲಾಗಿರುತ್ತದೆ.

## ಹಂತ 10: ಹೊರಡುವುದು

ಟೆಂಟ್ ಮಡಚುವ ಮೊದಲು ಒಳಗೂ ಹೊರಗೂ ಕೊಡವಿ, ಅಡಿಯ ಹಾಳೆಯನ್ನು ಬರಿಗೈಯಲ್ಲಿ ಎತ್ತಬೇಡಿ. ಒಮ್ಮೆ ನಮ್ಮ ಹಾಳೆಯಡಿ ಬೆಚ್ಚಗೆ ಮಲಗಿದ್ದ ಚೇಳು ಆಸ್ಟಿನ್‌ಗೆ ಟಿಕೆಟ್ ಇಲ್ಲದೆ ಬರುವುದರಲ್ಲಿತ್ತು. ಕಬ್ಬಿಣದ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿದ್ದೀರಾ ನೋಡಿ, ಉಪ್ಪಿನಕಾಯಿ ಬಾಟಲಿ ಅಲ್ಲೇ ಉಳಿಯುವುದು ಜಾಸ್ತಿ. ಒದ್ದೆ ಬಟ್ಟೆ ಬೇರೆ ಕವರ್‌ಗೆ, ಆ ಕೆಸರಿನ ಬಣ್ಣ ಬಿಳಿ ಟವೆಲ್‌ನಿಂದ ಸುಲಭಕ್ಕೆ ಹೋಗುವುದಿಲ್ಲ.

ಗ್ಯಾಸ್ ಹಾಕಿಸಿ, ನೀರು ತುಂಬಿಸಿಕೊಳ್ಳಿ. ಗ್ಲವ್ ಬಾಕ್ಸ್‌ನಿಂದ ಪಾಸ್‌ಪೋರ್ಟ್ ಕವರ್ ತೆಗೆದು ಮುಂದಿನ ಸೀಟಿನಲ್ಲಿ ಕೂತವರ ಕೈಗೆ ಕೊಡಿ. ಮ್ಯಾರಥಾನ್‌ಗೆ ಮೊದಲು ಚೆಕ್‌ಪಾಯಿಂಟ್ ಬಂದಾಗ ಹಾಡು ನಿಲ್ಲಿಸಿ, ನಾಲ್ಕೂ ಕಿಟಕಿ ಇಳಿಸಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.